ಹೆಬ್ಬೆರಳಲ್ಲಿ ಕೊಂದ ರಾಕ್ಷಸ

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗುವಷ್ಟರಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲಿಕ್ಕೆ ಜನ ಬೇಕಾಯಿತು, ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಅದಕ್ಕಾಗಿ ನಾನು ಅತ್ತದ್ದಿಲ್ಲ. ಶಾಲೆ ಕಡಿಮೆಯಾಯಿತೆಂದು ಅಭಿಪ್ರಾಯವೇನೂ ಕಡಿಮೆಯಾಗಲಿಲ್ಲ. ಮದುವೆ ಊಟಕ್ಕೆ ಹೋದರೆ ಕೈ ತೊಳೆಯುವ ಮೊದಲೇ ಸಾರಿನ ಬಗ್ಗೆ ಹೇಳಿಬಿಡುತ್ತೇನೆ. ಬಾಣಂತಿ ಮನೆಗೆ ಹೋದರೆ "ಮೂಗು ಅಪ್ಪನದ್ದು, ಪಾಪ" ಎನ್ನುತ್ತೇನೆ. ಸೊಸೆ ಶಶಿಕಲಾ ಈಗೀಗ ನನ್ನನ್ನು ಮಗು ನೋಡಲಿಕ್ಕೆ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. "ಮಾಮಿಗೆ ಮಂಡಿನೋವು" ಎಂದು ಹೇಳಿ ಒಬ್ಬಳೇ ಹೋಗಿ ಬರುತ್ತಾಳೆ. ಇಷ್ಟು ವರ್ಷದಲ್ಲಿ ನನ್ನ ಅಭಿಪ್ರಾಯವನ್ನು ಒಬ್ಬರು ಕೇಳಿ, ಬರೆದುಕೊಂಡು, ನಾಲ್ಕು ಜನ ಓದುವ ಹಾಗೆ ಮಾಡಿದ್ದು ಒಂದೇ ಸಲ. ಅದೂ ಸಾರಿನ ಬಗ್ಗೆ ಅಲ್ಲ, ಜಪಾನಿನವರ ವಿಡಿಯೋ ಗೇಮಿನ ಬಗ್ಗೆ.

ಬರೆದುಕೊಂಡವಳು ಮೊಮ್ಮಗಳು ಪ್ರತೀಕ್ಷಾ. ಬಲ್ಮಠದ ಕಾಲೇಜಿನಲ್ಲಿ ಡಿಗ್ರಿ ಓದುತ್ತಾಳೆ. ಓದುವುದಕ್ಕಿಂತ ಹೆಚ್ಚು ಗೇಮ್ ಆಡುತ್ತಾಳೆ, ಆಡುವುದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುತ್ತಾಳೆ. ಬರೆದದ್ದನ್ನು ಯಾವುದೋ ವೆಬ್‌ಸೈಟಿಗೆ ಕಳಿಸುವುದು, ಅವರು ಬೇಡ ಎನ್ನುವುದು, ಇವಳು ಒಂದು ಹೊತ್ತಿನ ಊಟ ಬಿಡುವುದು, ಹೀಗೆ ಒಂದು ವರ್ಷದಿಂದ ನಡೆದಿತ್ತು. ಕಳೆದ ಮಳೆಗಾಲದಲ್ಲಿ ಅವರು ಮೊದಲ ಸಲ ಆಗಲಿ ಅಂದರು. ಜಪಾನಿನ ಹಳೆಯ ಆಟವೊಂದನ್ನು, ಸಿನಿಮಾದವರು ರೀಮೇಕ್ ಮಾಡುವ ಹಾಗೆ, ಹೊಸದಾಗಿ ಮಾಡಿ ಬಿಟ್ಟಿದ್ದರು. ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ, ಯಾವುದು ಮೇಲು, ಬರೆದುಕೊಡು, ನಿನ್ನ ಹೆಸರಿನಲ್ಲಿಯೇ ಹಾಕುತ್ತೇವೆ ಎಂದಿದ್ದರು. ಹುಡುಗಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

"ಹಳೇದನ್ನು ನಾನು ನೋಡಿದ್ದೇ ಇಲ್ಲ ಅಜ್ಜಿ. ಒಂದು ತಪ್ಪು ಬಿದ್ರೆ ಉಂಟಲ್ಲ, ಆ ಓದುವವರು ನನ್ನ ಚರ್ಮ ಸುಲಿತಾರೆ. ಮತ್ತೆ ಯಾರೂ ನನಗೆ ಬರೀಲಿಕ್ಕೆ ಕೊಡುದಿಲ್ಲ."

ಆಗ ಅವಳ ಅಪ್ಪ, ಎಂದರೆ ನನ್ನ ಮಗ ದಿನೇಶ, ತೊಕ್ಕೊಟ್ಟಿನ ತನ್ನ ಫ್ಯಾನ್ ಮಿಕ್ಸಿಯ ಅಂಗಡಿ ಮುಚ್ಚಿ ಬಂದವನು ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ಹೇಳಿದ: "ಅದಕ್ಕೆ ಎಂತಕ್ಕೆ ಹೆದರುದು? ನಾನಿಲ್ವಾ? ನಮ್ಮ ಇಡೀ ಬಿಜೈಯಲ್ಲಿ ಆ ಗೇಮನ್ನು ಮುಗಿಸಿದ್ದು ನಾನೊಬ್ಬನೇ. ಬೇಕಾದ್ರೆ ಅಜ್ಜಿ ಹತ್ರ ಕೇಳು."

ನಾನು ಬಸಳೆ ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ದಿನೇಶ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆ ನನ್ನ ತಮ್ಮ, ನನ್ನ ಶಾಲೆ ಬಿಡಿಸಿದವನೇ, ಮಸ್ಕತ್‌ನಿಂದ ರಜೆಗೆ ಬರುವಾಗ ಒಂದು ವಿಡಿಯೋ ಗೇಮಿನ ಪೆಟ್ಟಿಗೆ ತಂದುಕೊಟ್ಟ. ಜೊತೆಗೆ ಒಂದೇ ಒಂದು ಆಟ. ನಾನು ಆಗ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆ. ಬೀಡಿ ಕಟ್ಟುವವಳಿಗೆ ಎರಡು ಕೈಗೂ ಕೆಲಸ, ಕಣ್ಣಿಗೆ ಇಲ್ಲ. ಕೈ ತಾನಾಗಿ ಎಲೆ ಸುತ್ತುತ್ತದೆ, ಹೊಗೆಸೊಪ್ಪು ತುಂಬುತ್ತದೆ, ನೂಲು ಹಾಕುತ್ತದೆ. ಕಣ್ಣು ಊರಿನ ಮೇಲೆ. ನನ್ನ ಕಣ್ಣು ಟಿವಿಯ ಮೇಲೆ ಬಿತ್ತು. ಒಬ್ಬ ಹುಡುಗ, ಬೆನ್ನಿಗೊಂದು ಖಡ್ಗ, ಹಲಸಿನ ಹಣ್ಣಿನ ಹಾಗೆ ಮುಳ್ಳುಮುಳ್ಳು ಕೂದಲು. ಮನೆಯಲ್ಲಿ ಅವನ ತಾಯಿ ಒಲೆಯ ಪಕ್ಕ ನಿಂತಿರುತ್ತಾಳೆ. ಇವನು ಹೊರಟು ಹುಲ್ಲಿನಲ್ಲಿ ನಡೆದರೆ ಏನೇನೋ ಹುಳುಗಳು ಎದುರು ಬರುತ್ತವೆ. ಹೊಡೆದರೆ ಇವನ ಬಲ ಹೆಚ್ಚುತ್ತದೆ. ಬಲ ಸಾಕಷ್ಟು ಆಗದೆ ಕೊನೆಯ ಕೋಟೆಯಲ್ಲಿರುವ ರಾಕ್ಷಸನ ಹತ್ತಿರ ಹೋದರೆ ಪೆಟ್ಟು ತಿಂದು ಬರಬೇಕು. ದಿನೇಶ ದಿನಾ ಸಂಜೆ ಪೆಟ್ಟು ತಿಂದು ಬರುತ್ತಿದ್ದ.

ಒಂದು ದಿನ ಶಾಲೆಗೆ ಹೋಗುವಾಗ ನನಗೆ ಹೇಳಿದ, "ಅಮ್ಮಾ, ಇದನ್ನು ಹುಲ್ಲಿನಲ್ಲಿ ಆಚೆ ಈಚೆ ನಡೆಸ್ತಾ ಇರು. ಹುಳ ಬಂದ್ರೆ ಈ ಬಟನ್ ಒತ್ತು. ಅಷ್ಟೇ." ಕೈ ಖಾಲಿ ಇಲ್ಲ ಮಾರಾಯ ಅಂದೆ. "ಕಾಲು ಉಂಟಲ್ಲ" ಅಂದ. ಕುಶಾಲಿಗೆ ಹೇಳಿದ್ದು. ನಾನು ಕುಶಾಲನ್ನು ಕೆಲಸವೆಂದೇ ತಿಳಿಯುವವಳು. ಎಲೆ ಹೊಗೆಸೊಪ್ಪಿನ ಗೆರಸೆಯನ್ನು ಮಡಿಲಲ್ಲಿಟ್ಟು, ಆ ಬಟನಿನ ಹಲಗೆಯನ್ನು ಚಾಪೆಯ ಮೇಲಿಟ್ಟು, ಎಡಗಾಲಿನ ಹೆಬ್ಬೆರಳಿನಿಂದ ನಡೆಸುವುದು, ಬಲಗಾಲಿನದ್ದರಿಂದ ಹೊಡೆಯುವುದು. ಮೂರೇ ದಿನದಲ್ಲಿ ಅಭ್ಯಾಸವಾಯಿತು. ಆ ಆಟದಲ್ಲಿ ನನಗೆ ಹಿಡಿಸಿದ್ದು ಅದರ ಮರ್ಯಾದೆ. ನಾನು ಹೊಡೆಯುವವರೆಗೆ ರಾಕ್ಷಸ ಕಾಯುತ್ತಾನೆ. ನೂಲು ತುಂಡಾಯಿತೋ, ಹಾಲಿನವ ಕರೆದನೋ, ಎದ್ದು ಹೋಗಿ ಬರಬಹುದು. ಅವನು ಖಡ್ಗ ಎತ್ತಿಕೊಂಡು ಅಲ್ಲೇ ನಿಂತಿರುತ್ತಾನೆ. ನಮ್ಮ ಅತ್ತೆ ಕೂಡ ನನಗೆ ಅಷ್ಟು ಪುರುಸೊತ್ತು ಕೊಟ್ಟವರಲ್ಲ.

ಆ ಪೆಟ್ಟಿಗೆಯಲ್ಲಿ ಮೂರು ಜನರ ಆಟ ಬೇರೆ ಬೇರೆಯಾಗಿ ಉಳಿಸಿಡಲಿಕ್ಕೆ ಜಾಗವಿತ್ತು. ದಿನೇಶನದ್ದು ಮೊದಲನೆಯದು. ನಾನು ಯಾರಿಗೂ ಹೇಳದೆ ಮೂರನೆಯದರಲ್ಲಿ ನನ್ನದೇ ಒಂದು ಶುರು ಮಾಡಿದೆ. ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ, ದಾರಿ ಅವನು ಆಡುವಾಗ ನೋಡಿ ಗೊತ್ತಿತ್ತು. ಊರವರು ದಾರಿಯಲ್ಲಿ ನಿಂತಿರುತ್ತಾರೆ, ಅವರ ಎದುರು ನಿಂತು ಬಟನ್ ಒತ್ತಿದರೆ ಪುಟಗಟ್ಟಲೆ ಬರೆದದ್ದು ಬರುತ್ತದೆ. ದಾರಿ ಬಿಡಬೇಕಾದರೆ ಒತ್ತಲೇಬೇಕಾದ ಕೆಲವರು ಇರುತ್ತಾರೆ, ಅವರಿಗೆ ಒತ್ತಿದೆ. ಉಳಿದವರನ್ನು ಬಿಟ್ಟೆ. ಅದನ್ನು ಓದಲಿಕ್ಕೆ ಬಾರದವಳಿಗೆ ಅವರ ಪಂಚಾಯಿತಿಕೆ ಎಂತಕ್ಕೆ? ಹುಳ, ಹಾವು, ರಾಕ್ಷಸ, ಯಾರು ಸಿಕ್ಕಿದರೂ ಹೊಡೆದು ಮುಂದೆ ಹೋದೆ. ಮಾಘದ ಒಂದು ಮಧ್ಯಾಹ್ನ, ಕಟ್ಟಿದ ಬೀಡಿ ಕೊಡಲಿಕ್ಕೆ ಕಂಪೆನಿಯ ಬ್ರಾಂಚಿಗೆ ಹೊರಡುವ ಸ್ವಲ್ಪ ಮೊದಲು, ಕೊನೆಯ ರಾಕ್ಷಸ ಸತ್ತ. ಕೋಟೆ ಕುಸಿಯಿತು. ಹುಡುಗ ಒಬ್ಬನೇ ನಡೆದು ಊರಿಗೆ ಬಂದ. ಮನೆ ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತು ನಿಂತ, ಮೆಟ್ಟಿಲ ಮೇಲೆ ಕೂತ. ಅಕ್ಷರಗಳು ಕೆಳಗಿನಿಂದ ಮೇಲೆ ಹೋದವು. ಅಷ್ಟೇ. ಸರಿಯಾಗಿದೆ ಅನ್ನಿಸಿತು. ಹೇಳದೆ ಕೇಳದೆ ಖಡ್ಗ ಹಿಡಿದು ಹೋದವನಿಗೆ ಯಾರು ಬಾಗಿಲು ತೆರೆದು ಕೂತಿರುತ್ತಾರೆ? ನನ್ನ ಆಟವನ್ನು ಅಳಿಸಿ, ಹಲಗೆ ಒರೆಸಿ ಇಟ್ಟು, ಬೀಡಿ ಕೊಟ್ಟು ಬಂದೆ. ದಿನೇಶನಿಗೆ ಹೇಳಲಿಲ್ಲ. ಹೇಳಿದರೆ ಹುಡುಗ ಅಳುತ್ತಿದ್ದ, ಅಳುವ ಹುಡುಗನ ಎದುರು ಕೂತುಕೊಳ್ಳಲಿಕ್ಕೆ ನನಗೆ ಪುರುಸೊತ್ತಿರಲಿಲ್ಲ.

ಅವನು ಗೆಲ್ಲುವ ಮೊದಲೇ ಮೇ ತಿಂಗಳ ಗುಡುಗು ಬಂತು. ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆಯುವುದು ನಮ್ಮ ಊರಿನಲ್ಲಿ ಎಲ್ಲರೂ ಮಾಡುವ ಕೆಲಸ. ಆ ದಿನ ನಾನು ಬ್ರಾಂಚಿನಲ್ಲಿದ್ದೆ, ಅವನು ಕ್ರಿಕೆಟಿನಲ್ಲಿದ್ದ. ಸಿಡಿಲಿಗೆ ಟಿವಿಯೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಶಾಲೆ ಶುರುವಾದ ಮೇಲೆ ಅವನು ಎಲ್ಲರಿಗೂ "ಸಿಡಿಲು ಬೀಳುವ ಹಿಂದಿನ ದಿನವೇ ಮುಗಿಸಿದ್ದೆ" ಎಂದು ಹೇಳುವುದು ಕೇಳಿಸಿತು. ಹೇಳಲಿ ಎಂದು ಬಿಟ್ಟೆ. ಅದೇ ಸುಳ್ಳಿಗೆ ಈಗ ತಲೆ ನರೆತಿದೆ.

ಹೊಸ ಆಟ ಮನೆಗೆ ಬಂತು. ಎರಡು ವಾರ ಪ್ರತೀಕ್ಷಾ ಆಡಿದಳು, ದಿನೇಶ ಪಕ್ಕದಲ್ಲಿ ಕೂತು ದೋಷ ಹುಡುಕಿದ, ನಾನು ಹಿಂದಿನ ಕುರ್ಚಿಯಲ್ಲಿ. ಮಳೆ ನೀರು ನಿಜದ ಮಳೆಯ ಹಾಗೆಯೇ ಬೀಳುತ್ತಿತ್ತು. ಹೊರಗೂ ಬೀಳುತ್ತಿತ್ತು, ಆದ್ದರಿಂದ ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

"ಹಳೇದರಲ್ಲಿ ಮ್ಯೂಸಿಕ್ ಎಷ್ಟು ಚಂದ ಇತ್ತು. ಇದು ಬ್ಯಾಂಡ್ ಸೆಟ್ಟಿನ ಹಾಗೆ ಉಂಟು" ಎಂದ ದಿನೇಶ.

"ಹಳೇದರಲ್ಲಿ ಇದ್ದದ್ದು ಟೀಂ ಟೀಂ ಅಂತ ಒಂದೇ ಸೌಂಡ್ ಪಪ್ಪಾ. ನಾನು ಇಂಟರ್ನೆಟ್ಟಿನಲ್ಲಿ ಕೇಳಿದ್ದೇನೆ."

"ಆ ಟೀಂ ಟೀಂ ಬೇರೆ. ಅದು ನಿನಗೆ ಅರ್ಥ ಆಗ್ಲಿಕ್ಕಿಲ್ಲ."

ನನಗೂ ಆಕ್ಷೇಪಗಳಿದ್ದವು. ಹುಡುಗನ ಕೂದಲು ಈಗ ಒಂದೊಂದು ಎಳೆಯೂ ಗಾಳಿಗೆ ಹಾರುತ್ತದೆ, ಆದರೆ ಎಣ್ಣೆ ಕಾಣದ್ದು ಮಾತ್ರ ಹಾಗೆಯೇ. ಬೇರೆಯವರ ಮನೆಗೆ ನುಗ್ಗಿ ಮಡಕೆ ಒಡೆದು ಒಳಗಿದ್ದದ್ದನ್ನು ತೆಗೆದುಕೊಳ್ಳುವ ಬುದ್ಧಿಯೂ ಹೋಗಿಲ್ಲ, ಈಗ ಒಡೆದ ಚೂರು ಕೂಡ ಲಕ್ಷಣವಾಗಿ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡದು, ರಾಕ್ಷಸ ಕಾಯುವುದಿಲ್ಲ. ನೀವು ಯೋಚನೆ ಮಾಡುವಷ್ಟರಲ್ಲಿ ನಾಲ್ಕು ಬಿಗಿಯುತ್ತಾನೆ. ಇದನ್ನು ಹೇಳಿದಾಗ ಪ್ರತೀಕ್ಷಾ ಬರೆದುಕೊಂಡಳು. "ಅಜ್ಜಿ, ಇದು ಒಳ್ಳೆ ಪಾಯಿಂಟ್" ಎಂದಳು. ನನ್ನ ಮಾತನ್ನು ಒಬ್ಬರು ಬರೆದುಕೊಳ್ಳುವುದನ್ನು ನೋಡಿದ ಮೇಲೆ ನನಗೆ ಬಾಯಿ ನಿಲ್ಲಲಿಲ್ಲ, ಅದೇ ನಾನು ಮಾಡಿದ ತಪ್ಪು.

ಆಟ ಮುಗಿಯಿತು. ಹುಡುಗ ಊರಿಗೆ ಬಂದ. ಬಾಗಿಲು ತೆರೆಯಿತು, ತಾಯಿ ಹೊರಗೆ ಬಂದಳು, ಅವನನ್ನು ಒಳಗೆ ಕರೆದುಕೊಂಡು ಹೋಗಿ ಬಟ್ಟಲಿಗೆ ಏನೋ ಬಡಿಸಿದಳು. ಪ್ರತೀಕ್ಷಾ ಕಣ್ಣೊರೆಸಿಕೊಂಡಳು. ದಿನೇಶ ಗಂಟಲು ಸರಿಮಾಡಿಕೊಂಡ.

"ಹಾಳು ಮಾಡಿದ್ರು. ಒರಿಜಿನಲ್‌ನಲ್ಲಿ ಹೀಗಿಲ್ಲ. ಅವನು ರಾಜಕುಮಾರಿಯನ್ನು ಮದುವೆ ಆಗಿ ರಾಜ ಆಗುದು. ದೊಡ್ಡ ಮೆರವಣಿಗೆ ಎಲ್ಲ ಉಂಟು. ಬರಿ, ಬರಿ."

ಹುಡುಗಿ ಬರೆಯುತ್ತಿದ್ದಳು. ಅವಳ ಹೆಸರಿನಲ್ಲಿ ಬರುವ ಮೊದಲ ಬರಹದಲ್ಲಿ ಇಲ್ಲದ ಮೆರವಣಿಗೆ ಹೋಗುವುದರಲ್ಲಿತ್ತು. ಒಂದು ಕಡೆ ಮಗನ ಮಾನ, ಇನ್ನೊಂದು ಕಡೆ ಮೊಮ್ಮಗಳ ಚರ್ಮ. ಬೇರೆಯವರಾದರೆ ಮಗನನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದರು. ನನಗೆ ಪಕ್ಕಕ್ಕೆ ಕರೆದು ಅಭ್ಯಾಸವಿಲ್ಲ.

"ಮೆರವಣಿಗೆಯೂ ಇಲ್ಲ, ಮಣ್ಣೂ ಇಲ್ಲ" ಎಂದೆ. "ನೀನು ಮುಗಿಸಿದವನೇ ಅಲ್ಲ ದಿನೇಶ. ಮುಗಿಸಿದ್ದು ನಾನು."

ಮಾಘ ಮಾಸ, ಮೂರನೆಯ ಜಾಗ, ಹೆಬ್ಬೆರಳು, ಮುಚ್ಚಿದ ಬಾಗಿಲು, ಎಲ್ಲ ಹೇಳಿದೆ. ಅಡುಗೆಮನೆಯಿಂದ ಶಶಿಕಲಾ ಸೌಟು ಹಿಡಿದುಕೊಂಡೇ ಬಂದು ನಿಂತಳು. ದಿನೇಶ ಕೇಳಿದ್ದು ಒಂದೇ.

"ಎಷ್ಟನೇ ಸಲಕ್ಕೆ ಗೆದ್ದದ್ದು?"

"ಒಂದನೇ ಸಲಕ್ಕೆ."

ಅವನು ಎದ್ದು ಹೋಗಿ ನಾಳೆಗೆ ಹಾಕುವ ಶರ್ಟಿಗೆ ಇಸ್ತ್ರಿ ಹಾಕಲಿಕ್ಕೆ ಶುರು ಮಾಡಿದ. ಆ ಕೆಲಸ ಅವನು ಅದುವರೆಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಪ್ರತೀಕ್ಷಾ ನನ್ನ ಮಾತನ್ನೇ ಬರೆದಳು. ಹಳೆಯ ಆಟದಲ್ಲಿ ಬಾಗಿಲು ತೆರೆಯುವುದಿಲ್ಲ, ಅದರಲ್ಲಿ ಒಂದು ಸತ್ಯವಿತ್ತು, ಹೊಸಬರು ಅದಕ್ಕೆ ಸಕ್ಕರೆ ಬೆರೆಸಿದ್ದಾರೆ, ಇದು ಆಟವನ್ನು ಮುಗಿಸಿದ ನನ್ನ ಅಜ್ಜಿಯ ಅಭಿಪ್ರಾಯ ಎಂದು. ಬರಹ ಅವಳ ಹೆಸರಿನಲ್ಲಿ ಬಂತು. ಒಂದು ಇಡೀ ಬೆಳಿಗ್ಗೆ ನಾನು ಬಿಜೈಯ ವಿಮರ್ಶಕಿಯಾಗಿದ್ದೆ. ಮಧ್ಯಾಹ್ನ ಓದುಗರ ಮಾತುಗಳು ಬರಲಿಕ್ಕೆ ಶುರುವಾದವು. ಪ್ರತೀಕ್ಷಾ ಫೋನ್ ನೋಡುತ್ತಾ ನೋಡುತ್ತಾ ಬಿಳಿಚಿಕೊಂಡಳು.

"ಅಜ್ಜಿ, ಹಳೇದರಲ್ಲಿಯೂ ಬಾಗಿಲು ತೆರೀತದಂತೆ."

"ನಾನು ಕಣ್ಣಾರೆ ನೋಡಿದ್ದೇನೆ."

"ಮುಚ್ಚಿದ್ದೂ ಉಂಟಂತೆ. ಇಡೀ ಆಟದಲ್ಲಿ ಒಂದು ಸಲ ಕೂಡ ತಾಯಿ ಹತ್ರ ಮಾತಾಡದವರಿಗೆ ಮಾತ್ರ ಬರುದಂತೆ. ಒಂದೇ ಒಂದು ಸಲ ಬಟನ್ ಒತ್ತಿದ್ರೆ ಸಾಕು, ಅವಳು ಬಾಗಿಲು ತೆರೀತಾಳೆ. ಹೊಸದರಲ್ಲಿ ಎಂಡಿಂಗ್ ಎಂತದ್ದೂ ಬದಲು ಮಾಡ್ಲಿಲ್ಲ." ಇನ್ನೊಂದನ್ನು ಓದಿದಳು. "ಒಬ್ರು ಬರೆದಿದ್ದಾರೆ, ಹಾಗೆ ಒಂದು ಎಂಡಿಂಗ್ ಉಂಟು ಅಂತ ಕೇಳಿದ್ದೆವು, ಅದನ್ನು ನೋಡಿದವರು ಇಷ್ಟು ವರ್ಷಕ್ಕೆ ಇದೇ ಮೊದಲು ಸಿಕ್ಕಿದ್ದು, ನಿಮ್ಮ ಅಜ್ಜಿ ಯಾವ ನಮೂನೆ ಹೆಂಗಸು ಅಂತ."

ಒಳಗೆ ಶಶಿಕಲಾ ಪಾತ್ರೆ ತೊಳೆಯುತ್ತಿದ್ದಳು. ಆ ಸದ್ದು ನಿಂತದ್ದರಿಂದ ಅವಳು ನಗುತ್ತಿದ್ದಾಳೆಂದು ಗೊತ್ತಾಯಿತು.

ಹುಡುಗಿ ಬರಹದ ಕೆಳಗೆ ತನ್ನ ತಪ್ಪು ಒಪ್ಪಿಕೊಂಡು ನಾಲ್ಕು ಸಾಲು ಸೇರಿಸಿದಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ವೆಬ್‌ಸೈಟಿನವರು ಇನ್ನೊಂದು ಬರಹ ಕೇಳಿದ ಮೇಲೆ ಮಾತಾಡಿದಳು. ಮೂರನೆಯ ದಿನ ಆಟವನ್ನು ಮೊದಲಿನಿಂದ ಹಾಕಿ, ಹಲಗೆಯನ್ನು ನನ್ನ ಕೈಗೆ ಕೊಟ್ಟು, "ಹೊರಡುವ ಮೊದಲು ಅಲ್ಲಿ ಹೋಗಿ ಒತ್ತಿ" ಎಂದಳು. ತಾಯಿ ಒಲೆಯ ಪಕ್ಕ ನಿಂತಿದ್ದಳು. ಒತ್ತಿದೆ. ಅವಳೇನೋ ಹೇಳಿದಳು.

"ಎಂತ ಅಂತೆ?"

"ಊಟ ಮಾಡಿದ್ಯಾ, ಜಾಗ್ರತೆಯಲ್ಲಿ ಹೋಗು ಅಂತ."

"ಇಷ್ಟೇಯಾ?" ಎಂದೆ. ಇನ್ನೊಮ್ಮೆ ಒತ್ತಿದೆ. ಅದನ್ನೇ ಹೇಳಿದಳು.

"ಎಷ್ಟು ಸಲ ಒತ್ತಿದ್ರೂ ಅವಳು ಅದನ್ನೇ ಹೇಳುದು ಅಮ್ಮ" ಎಂದ ದಿನೇಶ, ಪೇಪರಿನ ಹಿಂದಿನಿಂದ. ಇಸ್ತ್ರಿಯ ದಿನದ ನಂತರ ನನ್ನ ಹತ್ತಿರ ಅವನು ಆಡಿದ ಮೊದಲನೆಯ ಮಾತು.

ಆ ತಾಯಿ ದಡ್ಡಿ ಎಂದು ನನ್ನ ಅಭಿಪ್ರಾಯ. ಹೇಳಿದ್ದನ್ನೇ ಹೇಳುವವಳ ಎದುರು ಯಾರು ನಿಲ್ಲುತ್ತಾರೆ? ಮರುದಿನ ಬೆಳಿಗ್ಗೆ ದಿನೇಶ ಅಂಗಡಿಗೆ ಹೊರಟಾಗ ನಾನು ಜಗಲಿಯ ಬಾಗಿಲಲ್ಲಿ ನಿಂತಿದ್ದೆ. "ತಿಂಡಿ ಆಯ್ತಾ? ಸೇತುವೆ ಹತ್ರ ನಿಧಾನ ಹೋಗು" ಎಂದೆ. ಅವನು ಫೋನ್ ನೋಡುತ್ತಾ ನನ್ನ ಪಕ್ಕದಿಂದಲೇ ದಾಟಿ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದ. ತಪ್ಪು ಹೇಳುವ ಹಾಗಿಲ್ಲ. ಆ ಆಟವನ್ನು ಹಾಗೆಯೇ ಆಡಬೇಕೆಂದು ಈ ಮನೆಯಲ್ಲಿ ಮೊದಲು ತೀರ್ಮಾನಿಸಿದವಳು ನಾನೇ.