ಅಜ್ಜ ಆನ್‌ಲೈನ್‌ನಲ್ಲಿದ್ದಾರೆ

ಡಿಸೆಂಬರ್ ಹನ್ನೊಂದು. ಬೆಳಗಿನಿಂದ ಮಂಜು, ಮಧ್ಯಾಹ್ನವಾದರೂ ಬಿಟ್ಟಿರಲಿಲ್ಲ.

ಬಿಡಿ ಕೆಲಸ ಮಾಡುವವರನ್ನೂ ಮಾಡಿಸುವವರನ್ನೂ ಸೇರಿಸುವ ಆನ್‌ಲೈನ್ ಸೇವೆಯೊಂದನ್ನು ಪೊನ್ನಂಪೇಟೆಯಲ್ಲಿ ಕಟ್ಟುತ್ತಿದ್ದೇನೆ. ತಿಂಗಳಿಗೊಮ್ಮೆಯಾದರೂ ಸತ್ತವರೊಬ್ಬರು ಕೆಲಸಕ್ಕೆ ಕರೆಯುತ್ತಾರೆ.

೧. ಪಂಪು

ಮೊದಲ ಗ್ರಾಹಕರ ಮನೆಗೆ ಫೋನ್ ಮಾಡಿ, ಹೆಸರು ಹೇಳಿ, ಇದ್ದಾರೆಯೇ ಎಂದೆ. ಫೋನ್ ಎತ್ತಿದ್ದು ಹೆಂಗಸೊಬ್ಬರು.

"ಅವರು ತೀರಿಹೋಗಿ ಅರವತ್ತು ವರ್ಷ ಆಯ್ತಲ್ಲ."

"ಪಂಪು ಕೆಟ್ಟಿದೆ ಅಂತ ನಿನ್ನೆ ಹಾಕಿದ್ದಾರೆ."

"ಪಂಪು ಕೆಟ್ಟಿರೋದು ನಿಜ."

ನೋಂದಣಿಗೆ ನಾವು ಕೇಳಿದ್ದು ಜಮೀನಿನ ಮಾಲೀಕರ ಹೆಸರು. ವಂಶಪಾರಂಪರ್ಯವಾಗಿ ಬರುವ ಇಲ್ಲಿನ ಜಮ್ಮಾ ಜಮೀನಿನ ಪಹಣಿಯಲ್ಲಿ ತಲೆಮಾರುಗಳ ಹಿಂದಿನ ಹಿರಿಯರ ಹೆಸರೇ ಉಳಿದಿರುತ್ತದೆ. ಜನ ಪ್ರಾಮಾಣಿಕವಾಗಿ ಅದನ್ನೇ ತುಂಬಿದ್ದರು.

೨. ಫೋಟೋ

ಖಾತೆಗೆ ಹಾರ ಹಾಕಿದ ಫೋಟೋ ಬೇಡವೆಂದು ಇನ್ನೊಂದು ಮನೆಗೆ ತಿಳಿಸಿದೆ. ಹಾರ ತೆಗೆದು ಅದೇ ಫೋಟೋ ಕಳಿಸಿದರು. ಪಕ್ಕದಲ್ಲಿ ಹಸಿರು ಚುಕ್ಕಿ ಹಗಲೆಲ್ಲ ಉರಿಯುತ್ತಿತ್ತು: ಆನ್‌ಲೈನ್‌ನಲ್ಲಿದ್ದಾರೆ. ಆ ಮುಖ ನೋಡಿಯೇ ನಮ್ಮ ಇಬ್ಬರು ಪ್ಲಂಬರ್‌ಗಳು ಬಿಟ್ಟುಹೋದರು.

"ಅಜ್ಜ ಕಣ್ಣು ಮಿಟುಕಿಸ್ತು ಸಾರ್" ಎಂದ ಒಬ್ಬ.

"ನೆಟ್‌ವರ್ಕ್ ಇರಬೇಕು" ಎಂದೆ.

೩. ಕೂಲಿ

ಉಳಿದವನು ಕೊಡ್ಲಿಪೇಟೆಯ ಎಲೆಕ್ಟ್ರಿಷಿಯನ್ ಒಬ್ಬನೇ. ಅವನೂ ಬಿಟ್ಟರೆ ಸೇವೆ ಮುಚ್ಚಬೇಕು. ಆ ಮಂಜಿನ ದಿನ ಪಾಲಿಬೆಟ್ಟದ ಕಡೆಯ ಅಂಥದೇ ಒಂದು ಮನೆಗೆ ಅವನನ್ನು ಕಳಿಸಿದೆ. ಕರೆದವರು ಯಾರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕತ್ತಲಾದ ಮೇಲೆ ಫೋನ್ ಬಂತು.

"ಸಾರ್, ನನ್ನ ಕರೆದೋರು ಎಲ್ಲಿ ಅಂತ ಮನೆಯೋರ್ನ ಕೇಳ್ದೆ. ಹಿಂದೆ ಕೈಮಡದಲ್ಲಿದಾರೆ, ಅಲ್ಲೇ ಲೈಟ್ ಹಾಕ್ಬೇಕು ಅಂದ್ರು. ಹೋದ್ರೆ ಮಂಜಲ್ಲಿ ಪುಟ್ಟ ಗುಡಿ. ಯಾರೂ ಇಲ್ಲ. 'ಅಣ್ಣಾ' ಅಂತ ಕೂಗ್ದೆ. ಒಳಗಿಂದ್ಲೂ 'ಅಣ್ಣಾ' ಅಂದಂಗಾಯ್ತು."

"ಓಡಿಬಂದ್ಯಾ?"

"ಲೈಟ್ ಹಾಕ್ದೆ. ಕತ್ಲಲ್ಲಿ ಹೆದರೋದಕ್ಕಿಂತ ಬೆಳಕಲ್ಲಿ ಹೆದರೋದು ವಾಸಿ ಅಲ್ವಾ? ಆಮೇಲೆ ಯಜಮಾನ್ರು ಹೇಳಿದ್ರು, ಅದು ಸತ್ತ ಹಿರೀರ ಗುಡಿಯಂತೆ, ಇವತ್ತು ಅವ್ರಿಗೆ ಎಡೆ ಇಡೋ ದಿನವಂತೆ."

"ಇನ್ನು ನಮ್ಮಲ್ಲಿ ಕೆಲಸ ಬಿಡ್ತೀಯೇನಪ್ಪಾ?"

"ಯಾಕೆ ಬಿಡ್ಲಿ? ಕರೆದೋರೇ ಕೂಲಿ ಕೊಡ್ಲಿ ಅಂತ ಹಠ ಹಿಡ್ದೆ. ಯಜಮಾನ್ರು ನಕ್ಕು, ಎಡೆ ಆದ್ಮೇಲೆ ಅಜ್ಜನ ಪಾಲು ತಂದು ನನ್ನ ಮುಂದಿಟ್ರು."

"ಏನದು?"

"ಹಂದಿಕರಿ, ಒಂದು ಬಾಟ್ಲಿ ರಮ್ಮು. ನಾವು ಮಾಂಸ ತಿನ್ನಲ್ವಲ್ಲ, ಕರಿ ಅಲ್ಲೇ ಬಿಟ್ಟೆ. ಬಾಟ್ಲಿ ತಂದಿದೀನಿ."

"ನಮ್ಮ ಕಮಿಷನ್?"

ಅವನು ದನಿ ತಗ್ಗಿಸಿದ.

"ಅಜ್ಜನೇ ಹಿಡ್ಕೊಂಡಂಗಿದೆ ಸಾರ್. ಸೀಲು ಒಡೆದಿಲ್ಲ, ಎರಡು ಬೆರಳು ಕಮ್ಮಿ ಇದೆ."