ಷಡ್ಡಕನ ರ‍್ಯಾಮು, ನಮ್ಮನೆ ಕಂಪ್ಯೂಟರು

ಕಂಪ್ಯೂಟರಿಗೆ ರ‍್ಯಾಮ್ ಹಾಕುವುದು ಗೋಡೆಗೆ ಮೊಳೆ ಹೊಡೆಯುವುದಕ್ಕಿಂತ ಸುಲಭ ಎಂದು ನಾನು ನಂಬಿದ್ದೆ. ಮೊಳೆಗೆ ಸುತ್ತಿಗೆಯಾದರೂ ಬೇಕು. ಇದಕ್ಕೆ ಎರಡು ಹೆಬ್ಬೆರಳು ಸಾಕು. ಅವು ನನ್ನ ಬಳಿ ಹುಟ್ಟಿನಿಂದಲೇ ಇದ್ದವು.

ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಗುಮಾಸ್ತ. ನನ್ನ ಹೆಂಡತಿ ವನಜ ತನ್ನ ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ಮೂರು ತಿಂಗಳಿಂದ ಒಂದು ವಿಡಿಯೊ ಮಾಡುತ್ತಿದ್ದಳು. ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಲಂಗ ತೊಟ್ಟು ಕೂತ ಫೋಟೊದಿಂದ ಹಿಡಿದು ಅತ್ತೆಯವರ ಇಡೀ ಬದುಕು ಅದರಲ್ಲಿತ್ತು. ಭಾನುವಾರ ಬೇಲೂರಿನಲ್ಲಿ, ಅವಳ ಅಕ್ಕನ ಮನೆಯ ಟಿವಿಯಲ್ಲಿ, ನೆಂಟರ ಮುಂದೆ ಅದನ್ನು ತೋರಿಸಬೇಕು. ಗುರುವಾರದ ಹೊತ್ತಿಗೆ ನಮ್ಮ ಕಂಪ್ಯೂಟರ್ ಏದುಸಿರು ಬಿಡತೊಡಗಿತು.

"ರ‍್ಯಾಮ್ ಸಾಲದು. ಚಿಂತೆ ಬಿಡು, ನಾನಿದ್ದೀನಿ" ಎಂದೆ.

"ಅದೇ ಚಿಂತೆ" ಎಂದಳು ವನಜ.

ಬೇಲೂರಿನ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ಲೋಕೇಶಣ್ಣ, ಹೋದ ತಿಂಗಳಷ್ಟೇ ಹೊಸ ರ‍್ಯಾಮ್ ಜೋಡಿ ಹಾಕಿಸಿದ್ದರು. ಅದರ ಹೆಸರು ಕೇಳಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು, "ನಿಮ್ಮ ಪ್ರೊಸೆಸರ್ ಯಾವ ಕಂಪನಿದು ಸಾರ್?" ಎಂದು ಕೇಳಿದರು. ಹೇಳಿದೆ. "ಹಂಗಾದ್ರೆ ಈ ಜೋಡಿ ಬೇಡ. ಇದರ ಪ್ರೊಫೈಲು ಇನ್ನೊಂದು ಕಂಪನಿಗೆ ಮಾಡಿರೋದು. ನಿಮಗೆ ಬೇರೆ ಕೊಡ್ತೀನಿ."

ಎಷ್ಟು ವೇಗದಲ್ಲಿ ಓಡಬೇಕೆಂದು ರ‍್ಯಾಮಿನೊಳಗೇ ಒಂದು ಪಟ್ಟಿ ಬರೆದಿಟ್ಟಿರುತ್ತಾರಂತೆ. ಅದೇ ಪ್ರೊಫೈಲು. ಒಂದು ಕಂಪನಿಯ ಪ್ರೊಸೆಸರಿಗೆ ಬರೆದ ಪಟ್ಟಿ ಇನ್ನೊಂದರ ಜೊತೆ ಹೊಂದಬಹುದು, ಹೊಂದದೆಯೂ ಇರಬಹುದು.

ಆದರೆ ಅವರಿಗೆ ನಮ್ಮ ಅತ್ತೆ ಮನೆಯ ಸಂವಿಧಾನ ಗೊತ್ತಿರಲಿಲ್ಲ. ಇಬ್ಬರು ಅಳಿಯಂದಿರಿಗೂ ಅಲ್ಲಿ ಎಲ್ಲವೂ ಸಮ. ಹಬ್ಬಕ್ಕೆ ಒಂದೇ ಅಂಚಿನ ಪಂಚೆ, ಊಟಕ್ಕೆ ಎಣಿಸಿ ಬಡಿಸಿದ ಹೋಳಿಗೆ. ಹದಿನೆಂಟು ವರ್ಷ ಹೀಗೆ ಬೆಳೆದ ಅಳಿಯ ನಾನು. ಲೋಕೇಶಣ್ಣನಿಗೆ ಒಂದು ರ‍್ಯಾಮು, ನನಗೆ ಬೇರೆಯದೇ? ಆಗದ ಮಾತು.

"ಅದೇ ಕೊಡಿ" ಎಂದೆ.

ಹಾಕಿದೆ. ಓಡಿತು! ವಿಡಿಯೊ ಸರಾಗವಾಗಿ ತೆರೆದುಕೊಂಡಿತು. ನಾನು ಕೇಳದೆಯೇ ವನಜ ಕಾಫಿ ಕೊಟ್ಟಳು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

ಶನಿವಾರ ಬೆಳಿಗ್ಗೆ ಲೋಕೇಶಣ್ಣನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ.

"ಪ್ರೊಫೈಲ್ ಆನ್ ಮಾಡಿದ್ದೀಯೇನಯ್ಯ?" ಎಂದರು ಅವರು.

"ಇಲ್ಲ."

"ಹಂಗಾದ್ರೆ ಅದು ಇನ್ನೂ ನಿಧಾನಕ್ಕೇ ಓಡ್ತಾ ಐತೆ. ನಂದು ನೋಡು, ಹಾರ್ತದೆ."

ಅವರದು ಹಾರುವಾಗ ನನ್ನದು ನಡೆಯಬಾರದು. ಸೆಟ್ಟಿಂಗಿಗೆ ಹೋಗಿ ಪ್ರೊಫೈಲ್ ಆನ್ ಮಾಡಿದೆ. ಕಂಪ್ಯೂಟರ್ ಒಮ್ಮೆ ಆರಿ ಮತ್ತೆ ಹೊತ್ತಿತು. ಫ್ಯಾನ್ ತಿರುಗಿತು, ದೀಪ ಉರಿಯಿತು, ಪರದೆ ಮಾತ್ರ ಕಪ್ಪು. ಕಾದೆ. ಕಪ್ಪು. ರ‍್ಯಾಮ್ ಕಿತ್ತು ಊದಿದೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ, ಎಡದ್ದನ್ನು ಬಲಕ್ಕೆ ಹಾಕಿದೆ. ಕಪ್ಪು.

ವನಜ ಬಾಗಿಲಲ್ಲಿ ನಿಂತಿದ್ದಳು. "ನನ್ನ ವಿಡಿಯೊ ಅದರೊಳಗೇ ಇದೆ ಕಣ್ರೀ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಬಂದು ಡಬ್ಬದ ಮೇಲೆ ಕೈಯಿಟ್ಟಳು. ನನಗೆ ನಿಜಕ್ಕೂ ಭಯವಾಯಿತು.

ಕಂಪ್ಯೂಟರ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬೇಲೂರಿನ ಬಸ್ ಹತ್ತಿದೆ. ವನಜ ಬೇರೆ ಸೀಟಿನಲ್ಲಿ ಕೂತಳು, ಪರಿಚಯವಿಲ್ಲದವಳ ಹಾಗೆ. ಹಳೇಬೀಡಿನಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಕೇಳಿದರು:

"ಕೆಟ್ಟೋಗೈತಾ? ರಿಪೇರಿಗಾ?"

"ಇಲ್ಲ, ಹುಟ್ಟುಹಬ್ಬಕ್ಕೆ ಕರ್ಕೊಂಡು ಹೋಗ್ತಿದ್ದೀನಿ."

ಅವರು ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು.

ಲೋಕೇಶಣ್ಣ ನನ್ನ ರ‍್ಯಾಮ್ ಜೋಡಿಯನ್ನು ತಮ್ಮ ಕಂಪ್ಯೂಟರಿಗೆ ಹಾಕಿದರು. ಹಾರಿತು! "ರ‍್ಯಾಮು ಬಂಗಾರದಂಗೈತೆ. ನಿನ್ನ ಡಬ್ಬದಲ್ಲೇ ದೋಷ" ಎಂದರು. ನಾನು ನನ್ನ ಪ್ರೊಸೆಸರ್ ಕಂಪನಿಯ ಪರವಾಗಿ ವಾದಕ್ಕೆ ನಿಂತೆ. ಅವರು ತಮ್ಮ ಕಂಪನಿಯ ಮಾನ ಕಾಪಾಡಲು ಎದ್ದರು. ಆ ಎರಡೂ ಕಂಪನಿಗಳಿಗೆ ನಮ್ಮಂಥ ನಿಷ್ಠಾವಂತರು ಬೇರೆಲ್ಲೂ ಸಿಕ್ಕಿರಲಾರರು.

ನಮ್ಮ ವಾದ ಒಂದು ಗಂಟೆ ನಡೆಯಿತು. ಅಷ್ಟರಲ್ಲಿ ವನಜ ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಅಂಗಡಿಯವರು ಹೇಳಿದಂತೆ ನಮ್ಮ ಡಬ್ಬದೊಳಗಿನ ನಾಣ್ಯದಂಥ ಪುಟ್ಟ ಬ್ಯಾಟರಿಯನ್ನು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ್ದಳು. ಅದರಿಂದ ನಾನು ಆನ್ ಮಾಡಿದ್ದ ಪ್ರೊಫೈಲನ್ನು ಕಂಪ್ಯೂಟರ್ ಮರೆತುಬಿಟ್ಟಿತಂತೆ. ಆಮೇಲೆ ಲೋಕೇಶಣ್ಣನ ಕಂಪ್ಯೂಟರಿನಿಂದ ನಮ್ಮ ರ‍್ಯಾಮನ್ನು ಕಿತ್ತು ತಂದು, ಅದನ್ನೇ ಹಾಕಿ ಚಾಲೂ ಮಾಡಿದಳು. ಪರದೆ ಬೆಳಗಿತು. ಲಂಗ ತೊಟ್ಟ ಅತ್ತೆಯವರು ಕೊಳದ ಮೆಟ್ಟಿಲ ಮೇಲೆ ಕೂತಿದ್ದರು.

"ನಿಧಾನಕ್ಕೆ ಓಡ್ತದೆ" ಎಂದರು ಲೋಕೇಶಣ್ಣ.

"ಓಡ್ಲಿ ಭಾವ. ಇಬ್ರೂ ಮುಟ್ಟಬೇಡಿ" ಎಂದಳು ವನಜ.

ಭಾನುವಾರ ನಡುಮನೆ ತುಂಬಿತ್ತು. ಬಸ್ಸಿನಲ್ಲಿ ಕುಲುಕಿದ್ದಕ್ಕೋ ಏನೋ, ಡಬ್ಬದಿಂದ ಟಿವಿಗೆ ಹೋಗುವ ಕೇಬಲ್ ಸಡಿಲವಾಗಿತ್ತು. ಕೈ ಬಿಟ್ಟರೆ ಚಿತ್ರ ಮಾಯ. ಹಾಗಾಗಿ ಅರ್ಧ ಗಂಟೆ ನಾನು ಟಿವಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ಒತ್ತಿ ಹಿಡಿದಿದ್ದೆ. ನನಗೆ ಕಂಡದ್ದು ಅತ್ತೆಯವರ ಮುಖ ಮಾತ್ರ. ಅವರು ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನನಗೂ ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ವಿಡಿಯೊ ಬಹಳ ಚೆನ್ನಾಗಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ನಾನಿನ್ನೂ ನೋಡಿಲ್ಲ. ವನಜ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸಿದ್ದಾಳೆ.