ಹಿಮದ ಗಾಡಿಗೆ ಹಾಲಿನಪುಡಿ ಡಬ್ಬ

ನನ್ನ ಕೈ, ಕಾಲು, ಹೊಟ್ಟೆ ಎಲ್ಲವೂ ಅಷ್ಟಿಷ್ಟು ನನ್ನ ಮಾತು ಕೇಳುತ್ತವೆ. ನಾಲಿಗೆಯೊಂದು ಮಾತ್ರ ಕೇಳುವುದಿಲ್ಲ. ‘ಗೊತ್ತಿಲ್ಲ’ ಎನ್ನಬೇಕಾದ ಕಡೆಯಲ್ಲೆಲ್ಲ ಅದು ‘ಅದಕ್ಕೇನಂತೆ, ಮಾಡೋಣ’ ಎಂದುಬಿಡುತ್ತದೆ. ಮದುವೆಯಾದ ಮೂರನೇ ದಿನವೇ ಮಾವನ ಮನೆಯ ಗೋಡೆ ಗಡಿಯಾರ ಬಿಚ್ಚಿದ ಭೂಪ ನಾನು. ಅದರ ಮೂರು ಹಲ್ಲುಚಕ್ರಗಳು ಈಗಲೂ ನಮ್ಮತ್ತೆಯ ಸಾಸಿವೆ ಡಬ್ಬದಲ್ಲಿವೆ. ಎಂಬತ್ತರ ದಶಕದಲ್ಲಿ ಕುವೈತಿಗೆ ಹೋದ ಮೇಲಂತೂ ಈ ನಾಲಿಗೆ ಪೂರ್ತಿ ಕೆಟ್ಟಿತು. ‘ಏನೂ ತೊಂದರೆಯಿಲ್ಲ’ ಎನ್ನಲು ಅಲ್ಲಿ ಎಲ್ಲರೂ ಆಡುವ ‘ಮಾಫಿ ಮುಶ್ಕಿಲ್’ ಎಂಬ ಎರಡು ಶಬ್ದಗಳನ್ನು ಅದು ಬಂದ ವಾರದಲ್ಲೇ ಕಲಿತುಬಿಟ್ಟಿತು.

ಶುವೈಖಿನ ಒಂದು ಗ್ಯಾರೇಜಿನಲ್ಲಿ ನಾನು ಸೂಪರ್‌ವೈಸರ್. ನನ್ನಲ್ಲಿದ್ದದ್ದು ಬರೀ ಡಿಪ್ಲೊಮಾ. ಆದರೆ ನಮ್ಮ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಯಾಗಿದ್ದ ಗ್ಯಾರೇಜಿನ ಮಾಲೀಕರು, ನನ್ನನ್ನು ‘ಮುಹಂದಿಸ್’, ಇಂಜಿನಿಯರ್, ಎಂದೇ ಕರೆಯುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಒಂದು ಸಲ ಅವರು ಯಾವುದೋ ಚಳಿದೇಶಕ್ಕೆ ಹೋದವರು ಹಿಮದ ಮೇಲೆ ಓಡಿಸುವ ಗಾಡಿಯೊಂದನ್ನು ಹಡಗಿನಲ್ಲಿ ತರಿಸಿಕೊಂಡರು. ನಮ್ಮ ಮೆಕ್ಯಾನಿಕ್, ಉಳ್ಳಾಲದ ಹಮೀದ್ ಭಾಯಿ, ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. “ಇದು ಎಂಥದು ಮಾರಾಯ್ರೆ? ಮುಂದೆ ಜಾರುಬಂಡಿ, ಹಿಂದೆ ಬುಲ್ಡೋಜರು! ಈ ಊರಲ್ಲಿ ಹಿಮ ಉಂಟಾ, ಫ್ರಿಜ್ಜಿನ ಒಳಗೆ ಬಿಟ್ಟರೆ?”

ಮಾಲೀಕರ ಲೆಕ್ಕಾಚಾರ ಬೇರೆಯೇ ಇತ್ತು. ಹಿಮವೂ ಜಾರುತ್ತದೆ, ಮರಳೂ ಜಾರುತ್ತದೆ. ಆದರೆ ಗಾಡಿಗೆ ಇದು ಒಪ್ಪಿಗೆಯಾಗಲಿಲ್ಲ. ಮರಳುದಿಬ್ಬವನ್ನು ಅರ್ಧ ಹತ್ತಿ ಏದುಸಿರು ಬಿಟ್ಟು ನಿಂತಿತು. “ಮುಹಂದಿಸ್, ಇದಕ್ಕೆ ಶಕ್ತಿ ಹೆಚ್ಚಿಸಬಹುದಾ?” ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ನಾಲಿಗೆ “ಮಾಫಿ ಮುಶ್ಕಿಲ್” ಎಂದಾಗಿತ್ತು.

ಅದೇ ವಾರ ಮಂಡ್ಯದಿಂದ ಹೆಂಡತಿಯ ಕಾಗದ ಬಂತು. ಮಗಳು ಹುಟ್ಟಿ ಐದು ತಿಂಗಳಾಗಿತ್ತು. ನಾನು ನೋಡಿದ್ದು ಒಂದು ಫೋಟೋ, ಅದರಲ್ಲೂ ಮುಕ್ಕಾಲು ಭಾಗ ಕುಲಾವಿ. “ನೀವು ಬರೋವರ್ಗೂ ಹೆಸರಿಡಲ್ಲ ಅಂತ ಕಾಯ್ತಿದೀವಿ. ಎಲ್ರೂ ಪಾಪು ಪಾಪು ಅಂತಿದಾರೆ. ಹೀಗೇ ಆದ್ರೆ ಸ್ಕೂಲಲ್ಲೂ ಪಾಪು ಅಂತ್ಲೇ ಬರಸ್ತೀನಿ, ನೋಡ್ತಿರಿ” ಎಂದು ಬರೆದಿದ್ದಳು. ಮಗಳಿಗೆ ಹೆಸರಿಡಬೇಕೆಂದು ರಜೆ ಕೇಳಿದೆ. “ಗಾಡಿ ಮೊದಲು, ರಜೆ ಆಮೇಲೆ” ಎಂದರು ಮಾಲೀಕರು. ಮಗಳ ಹೆಸರು ಹೀಗೆ ಒಂದು ಇಂಜಿನ್ನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು.

ಸೂಪರ್‌ಚಾರ್ಜರ್ ಎಂಬುದೊಂದಿದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಇಂಜಿನ್ನು ತಾನಾಗಿ ಉಸಿರೆಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ತುರುಕುವ ಯಂತ್ರ. ಬೇಡವೆಂದರೂ ಕೇಳದೆ ಅಳಿಯನ ಎಲೆಗೆ ಹೋಳಿಗೆ ಬಡಿಸುವ ಅತ್ತೆಯ ಹಾಗೆ. ಗುಜರಿಗೆ ಬಂದ ಅಮೆರಿಕನ್ ಕಾರಿನಿಂದ ಬೆಲ್ಟಿನಲ್ಲಿ ತಿರುಗುವ ಗಾಳಿಪಂಪು ಬಿಚ್ಚಿದೆವು. ಪಂಪಿಗೂ ಕಾರ್ಬುರೇಟರಿಗೂ ನಡುವೆ ಗಾಳಿ ತುಂಬಿಕೊಳ್ಳಲು ಒಂದು ಪೆಟ್ಟಿಗೆ ಬೇಕಿತ್ತು. ಫರ್ವಾನಿಯಾದ ನನ್ನ ರೂಮಿನಿಂದ ಹಾಲಿನಪುಡಿಯ ದೊಡ್ಡ ಡಬ್ಬ ತಂದು ಬೆಸುಗೆ ಹಾಕಿಸಿದೆ.

“ಇಷ್ಟು ಗಾಳಿ ಮೇಲಿಂದ ಒತ್ತಿದರೆ ಕಾರ್ಬುರೇಟರಿನಿಂದ ಪೆಟ್ರೋಲು ಹೊರಗೆ ಬರ್ತದಾ?” ಎಂದರು ಹಮೀದ್ ಭಾಯಿ. ಇಡೀ ಕುವೈತಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

“ಮಾಫಿ ಮುಶ್ಕಿಲ್” ಎಂದೆ.

ಶುರು ಮಾಡಿದೆವು. ಅಬ್ಬಬ್ಬಾ, ಏನು ಅಬ್ಬರ! ಅರ್ಧ ನಿಮಿಷ ನಾನು ನಿಜವಾಗಿಯೂ ಇಂಜಿನಿಯರಾಗಿದ್ದೆ. ಆಮೇಲೆ ಗಾಳಿಯ ಒತ್ತಡಕ್ಕೆ ಪೆಟ್ರೋಲು ಒಳಗೆ ಬರಲಾರದೆ ನಿಂತಿತು, ಇಂಜಿನ್ನು ಬರೀ ಗಾಳಿ ಕುಡಿದು ಕೆಂಡವಾಯಿತು, ‘ಢಬ್’ ಎಂದಿತು. ಹಾಲಿನಪುಡಿ ಡಬ್ಬ ಹಾರಿ ಪಕ್ಕದ ಗ್ಯಾರೇಜಿನ ತಗಡಿನ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ಎಂಟಾಣೆಯಗಲದ ತೂತು.

ಅಷ್ಟರಲ್ಲಿ ಮಾಲೀಕರು ಬಂದರು. “ಖಲಾಸ್?” ಎಂದರು. ನಮ್ಮ ಕಡೆ ಖಲಾಸ್ ಎಂದರೆ ಒಂದೇ ಅರ್ಥ, ಕಥೆ ಮುಗಿಯಿತು ಅಂತ. ನಾನು ತಲೆ ತಗ್ಗಿಸಿ, “ಖಲಾಸ್” ಎಂದೆ. ಅವರು “ಮಬ್ರೂಕ್!” ಎಂದು ಅಭಿನಂದಿಸಿ, ಪೆನ್ನು ತೆಗೆದು ರಜೆಯ ಕಾಗದಕ್ಕೆ ಸಹಿ ಹಾಕಿ ಹೊರಟುಹೋದರು. ಅವರ ಭಾಷೆಯಲ್ಲಿ ಖಲಾಸ್ ಎಂದರೆ ಕೆಲಸ ಮುಗಿಯಿತು ಎಂದೂ ಆಗುತ್ತದೆಂಬುದು ನನಗೆ ಆಗ ಹೊಳೆಯಿತು. ಓಡಿಹೋಗಿ ನಿಜ ಹೇಳಬೇಕೆಂದು ಎದ್ದೆ. ಹಮೀದ್ ಭಾಯಿ ಅಂಗಿ ಹಿಡಿದೆಳೆದರು. “ಇಷ್ಟು ದಿನ ಬೇಡದ ಕಡೆ ಮಾತಾಡಿದ್ದು ಸಾಕು. ಈಗ ಸ್ವಲ್ಪ ಸುಮ್ಮನಿರಿ ಮಾರಾಯ್ರೆ.”

ಊರಿಗೆ ಹೋದೆ. ಮಗಳನ್ನು ಎತ್ತಿಕೊಂಡು ಅತ್ತುಬಿಟ್ಟೆ. ಹೆಸರಿಟ್ಟೆವು; ಎಲ್ಲರೂ ಪಾಪು ಎಂದೇ ಕರೆದರು. ಆದರೆ ತಿಂಗಳಿಡೀ ನನ್ನ ಎದೆಯಲ್ಲಿ ಆ ತೂತು ಪಿಸ್ಟನ್ ಕುಳಿತಿತ್ತು. ವಾಪಸು ಬಂದವನೇ ಮೈಸೂರುಪಾಕಿನ ಡಬ್ಬ ಹಿಡಿದು ಮಾಲೀಕರ ಮುಂದೆ ನಿಂತು, “ಆ ದಿನದ ಖಲಾಸ್...” ಎಂದು ತೊದಲಿದೆ.

ಅವರು ನಕ್ಕು ಹಿಂದಿಯಲ್ಲಿ ಹೇಳಿದರು: “ಹೊಗೆಯನ್ನು ನಾನು ರಸ್ತೆಯಿಂದಲೇ ನೋಡಿದ್ದೆ. ನಿನ್ನ ಡಬ್ಬ ನನ್ನ ಕಾರಿನ ಮೇಲೆಯೇ ಹಾರಿಹೋಯಿತು. ಮಬ್ರೂಕ್ ಅಂದಿದ್ದು ಗಾಡಿಗಲ್ಲ, ನಿನ್ನ ಮಗಳಿಗೆ.”

ಇನ್ನು ಈ ಮನುಷ್ಯನ ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕೆಂದು ಅಲ್ಲೇ ಆಣೆ ಮಾಡಿಕೊಂಡೆ. ಅವರು ಮೈಸೂರುಪಾಕು ಬಾಯಿಗೆ ಹಾಕಿಕೊಂಡು, ಮೂಲೆಯಲ್ಲಿದ್ದ ಮೋಟಾರು ದೋಣಿಯೊಂದರ ಕಡೆ ಕೈ ತೋರಿಸಿದರು. “ಮುಹಂದಿಸ್, ದೋಣಿ ರಿಪೇರಿ ಬರುತ್ತದಾ?”

ಅವರ ಹಿಂದೆ ನಿಂತಿದ್ದ ಹಮೀದ್ ಭಾಯಿ ಎರಡೂ ಕೈಯೆತ್ತಿ ಬೇಡ ಬೇಡ ಎಂದು ಆಡಿಸುತ್ತಿದ್ದರು. ನಾನೂ ‘ಗೊತ್ತಿಲ್ಲ’ ಎನ್ನಲೆಂದೇ ಬಾಯಿ ತೆರೆದೆ.

“ಮಾಫಿ ಮುಶ್ಕಿಲ್” ಎಂದಿತು ನಾಲಿಗೆ.